ಸೋರುವ ಮಾಳಿಗಿ ಮತ್ತು ಅಶ್ವತ್ಥರ ಕೊರಳು

ಈ ಅಂಕಣದಲ್ಲಿ ತತ್ವಪದಕಾರ ಶಿಶುನಾಳ ಶರೀಫರ ಹೆಸರು ಬಂದರೆ ಸಾಕು, ಶಹಾಪುರ, ಸುರಪುರ, ಯಾದಗಿರಿ ಕಡೆಯ ಓದುಗರು ತಪ್ಪದೇ ಒಂದು ಪ್ರಶ್ನೆ ಕೇಳುತ್ತಾರೆ. “ಸರ್, ನಮ್ಮೂರ ಭಜನಿ ಮ್ಯಾಳದಾಗ ಹಾಡೋದು ಖರೇ ಶರೀಫಜ್ಜನ ಪದಾನೋ, ಅಶ್ವತ್ಥ್ ಅವರು ಕ್ಯಾಸೆಟ್ಟಿನ್ಯಾಗ ಹಾಡಿದ್ದು ಖರೇನೋ?” ಹಿರಿಯರು ಕೇಳಿದಾಗ ಆ ಮಾತಿನಲ್ಲಿ ಸಣ್ಣದೊಂದು ಮುನಿಸಿರುತ್ತದೆ. ತಮ್ಮ ಮನೆಯ ಪದವನ್ನು ಯಾರೋ ಬೆಂಗಳೂರಿಗೆ ಒಯ್ದು, ಬೇರೆ ಅಂಗಿ ತೊಡಿಸಿ ಕಳಿಸಿದ್ದಾರೆಂಬ ಭಾವ. ಹುಡುಗರು ಕೇಳುವ ಪ್ರಶ್ನೆಯೇ ಬೇರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲೋಕದ ಸಂಗೀತವನ್ನೆಲ್ಲ ಕೇಳುವ ಕಾಲೇಜು ಮಕ್ಕಳು ಅವರು. “ಸೋಲ್ ಮ್ಯೂಸಿಕ್ ಅಂತಾರಲ್ರಿ, ಅಂಥಾದ್ದು ಕನ್ನಡದಾಗ ಏನರೆ ಅದ ಏನ್ರಿ?” ನನ್ನ ಮಟ್ಟಿಗೆ ಈ ಎರಡೂ ಪ್ರಶ್ನೆಗಳಿಗೆ ಇರುವುದು ಒಂದೇ ಉತ್ತರ. ಅದು 1990ರಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಧ್ವನಿಸುರುಳಿ.

ಸಿನಿಮಾ ನಿರ್ದೇಶಿಸಿದವರು ಟಿ.ಎಸ್. ನಾಗಾಭರಣ. ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು ನಟಿಸಿದ್ದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಇದೆಲ್ಲ ಇರಲಿ. ಸಿನಿಮಾ ನೋಡದ ಊರುಗಳಿಗೂ ಅದರ ಹಾಡು ಹೋಯಿತು. ಟ್ರ್ಯಾಕ್ಟರಿನ ಟೇಪಿನಲ್ಲಿ, ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿನಲ್ಲಿ, ಜಾತ್ರೆಯ ಕ್ಯಾಸೆಟ್ ಅಂಗಡಿಯಲ್ಲಿ ಸಿ. ಅಶ್ವತ್ಥರ ಕೊರಳು ಕೇಳಿಸತೊಡಗಿತು. ನಾನು ಆ ಕೊರಳಿನ ಕಟ್ಟಾ ಅಭಿಮಾನಿ. ಇದನ್ನು ಬರೆಯುತ್ತಿರುವುದೂ ಅಭಿಮಾನಿಯಾಗಿಯೇ.

ಮೊದಲು ಹುಡುಗರ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಇಪ್ಪತ್ತನೆಯ ಶತಮಾನದಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಊರು ಬಿಟ್ಟು ಉತ್ತರದ ಕಾರ್ಖಾನೆ ಪಟ್ಟಣಗಳಿಗೆ ಹೋದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಗುಳೆ. ಯಾದಗಿರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ ಮುಂಬಯಿಗೆ ಗಂಟುಮೂಟೆ ಕಟ್ಟಿದ ಸಂಸಾರಗಳು ಪ್ರತಿ ಓಣಿಯಲ್ಲೂ ಇವೆ. ಗುಳೆ ಹೋದ ಆ ಜನ ತಮ್ಮ ಚರ್ಚಿನ ಹಾಡನ್ನೂ ಜತೆಗೆ ಒಯ್ದರು. ಆ ಹಾಡಿನಲ್ಲಿ ಒಬ್ಬರು ಮುಂದೆ ನಿಂತು ಕೂಗಿ ಹೇಳುತ್ತಾರೆ, ಉಳಿದವರು ಎದ್ದು ನಿಂತು ಮರುನುಡಿಯುತ್ತಾರೆ. ಚಪ್ಪಾಳೆ ಇರುತ್ತದೆ, ಅಳುವಿರುತ್ತದೆ, ಮೈದುಂಬುವುದಿರುತ್ತದೆ. ಈ ಹಾಡಿಕೆಯನ್ನು ಚರ್ಚಿನಿಂದ ಹೊರಗೆ ತಂದು, ಪ್ರೀತಿ, ಸಂಕಟ, ಕೂಲಿ, ಮಾನ ಇವುಗಳ ಬಗ್ಗೆ ಹಾಡಿದಾಗ ಹುಟ್ಟಿದ್ದೇ ಸೋಲ್. 1954ರಲ್ಲಿ ರೇ ಚಾರ್ಲ್ಸ್ ಚರ್ಚಿನ ಹಾಡೊಂದರ ಧಾಟಿ ಹಿಡಿದು ಪ್ರೇಮದ ಹಾಡು ಕಟ್ಟಿದಾಗ ಹಳೆಯ ಭಕ್ತರು ಸಿಟ್ಟಾದರು. ದೇವರ ಧಾಟಿಯನ್ನು ಬೀದಿಗೆ ತಂದನಲ್ಲ ಎಂದರು. ಡೆಟ್ರಾಯಿಟ್‌ನಲ್ಲಿ 1959ರಲ್ಲಿ ಶುರುವಾದ ಮೋಟೌನ್, ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಗಳು ಆ ಬೀದಿಯ ಹಾಡನ್ನು ಜಗತ್ತಿಗೆಲ್ಲ ಮುಟ್ಟಿಸಿದವು.

ಆ ಸಿಟ್ಟೂ ನಮ್ಮ ಹಿರಿಯರ ಮುನಿಸೂ ಒಂದೇ ಜಾತಿಯವು. ಅದಕ್ಕೇ ಎರಡು ಪ್ರಶ್ನೆಗೂ ಒಂದೇ ಉತ್ತರ ಎಂದೆ.

ನಮ್ಮ ಸೀಮೆಯ ಹಾಡಿಕೆ ಹೇಗಿದೆ ಎಂಬುದನ್ನು ಇಲ್ಲಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಸುರಪುರ ಸೀಮೆಯ ಕೊಡೇಕಲ್ಲಿನಲ್ಲಿ ಕಾಲಜ್ಞಾನದ ಬಸವಣ್ಣ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ, ಅವನೇ ಮೌನುದ್ದೀನ್. ಶಹಾಪುರದ ಪಕ್ಕದ ಗೋಗಿಯಲ್ಲಿ ಚಂದಾ ಹುಸೇನಿಯ ದರ್ಗಾ, ಅಲ್ಲೇ ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳು. ತುಸು ಉತ್ತರಕ್ಕೆ ಹೋದರೆ ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪ, ಅವನ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ. ಸಾಬರೂ ಬ್ರಾಹ್ಮಣರೂ ಲಿಂಗಾಯತರೂ ಒಂದೇ ಗುರುವಿನ ಕೈಕೆಳಗೆ ಕೂತು ಪದ ಕಟ್ಟಿದ ನೆಲ ಇದು. ಇಮಾಮ್ ಸಾಹೇಬರ ಮಗ ಶರೀಫ, ಕಳಸದ ಗೋವಿಂದಭಟ್ಟರ ಶಿಷ್ಯನಾದ ಕಥೆ ಧಾರವಾಡ ಸೀಮೆಯದಾದರೂ ನಮ್ಮವರಿಗೆ ಅದು ಪರವೂರ ಕಥೆ ಅನ್ನಿಸುವುದೇ ಇಲ್ಲ. ಅಮಾವಾಸ್ಯೆಯ ಭಜನೆಯಲ್ಲಿ ಮಡಿವಾಳಪ್ಪನ ಪದ ಮುಗಿಯುತ್ತಿದ್ದಂತೆ ಶರೀಫರ ಪದ ಶುರುವಾಗುತ್ತದೆ, ಯಾರೂ ಗಡಿ ಹಾಕುವುದಿಲ್ಲ. ಮೊಹರಂನಲ್ಲಿ ಶರೀಫರ ಅಲಾವಿ ಪದಗಳಿಗೂ ಜಾಗವಿದೆ.

ಮ್ಯಾಳದ ರೀತಿ ನೋಡಿ. ಒಂದು ಏಕತಾರಿ, ಒಂದು ದಮ್ಮಡಿ, ತಾಳ, ಪೇಟಿ, ಅನುಕೂಲವಿದ್ದರೆ ತಬಲಾ. ಮುಂದೆ ಹಾಡುವವನು ಪಲ್ಲವಿಯನ್ನು ಎತ್ತಿ ಅರ್ಧಕ್ಕೇ ಬಿಡುತ್ತಾನೆ, ಹಿಮ್ಮೇಳದವರು ಅದನ್ನು ಕೈಹಿಡಿದು ಮುಗಿಸುತ್ತಾರೆ. ಮತ್ತೆ ಎತ್ತುತ್ತಾನೆ, ಈ ಸಲ ಒಂದು ಮೆಟ್ಟಿಲು ಮೇಲೆ. ನುಡಿಯ ನಡುವೆ ನಿಲ್ಲಿಸಿ ನಾಲ್ಕು ಮಾತಿನಲ್ಲಿ ಅರ್ಥ ಹೇಳುತ್ತಾನೆ, ಕೂತವರಲ್ಲಿ ಒಬ್ಬರು “ಹೌದಪಾ!” ಎನ್ನುತ್ತಾರೆ. ಮೈಕ್ ಇಲ್ಲದ ಕಾಲದಿಂದ ಬಂದ ಪದ್ಧತಿಯಾದ್ದರಿಂದ ಶ್ರುತಿ ಎತ್ತರದ್ದು. ಬಯಲಲ್ಲಿ, ಕಟ್ಟೆಯ ಮೇಲೆ, ಅಗಸಿ ಬಾಗಿಲ ಮುಂದೆ ಕೂತು ಹಾಡಿ ಓಣಿಯ ಕೊನೆಯ ಮನೆಗೂ ಮುಟ್ಟಿಸಬೇಕಲ್ಲ! ಪೇಟಿಯವರು ಹೇಳುವ ‘ಕಾಳಿ ಪಾಂಚ್’ಗೆ ಏರಿದ ಕೊರಳು ಬೆಳಗಿನ ಜಾವದ ಹೊತ್ತಿಗೆ ಒಡೆದಿರುತ್ತದೆ. ಆದರೆ ಆ ಒಡೆದ ಕೊರಳಿನಲ್ಲಿಯೇ ಪದದ ತಿರುಳು ಸಿಗುತ್ತದೆಂದು ಮ್ಯಾಳದವರಿಗೆ ಗೊತ್ತು. ಚರ್ಚಿನಲ್ಲಿ ಕಪ್ಪು ಜನ ಹಾಡುವುದನ್ನು ಮೊದಲ ಸಲ ಕೇಳಿದಾಗ ನನಗೆ ಪರಕೀಯ ಅನ್ನಿಸದಿದ್ದುದಕ್ಕೆ ಕಾರಣ ಇದೇ. ಎತ್ತಿ ಬಿಡುವುದು, ಹಿಡಿದು ಮುಗಿಸುವುದು, ನಡುವೆ ಒಪ್ಪಿಗೆಯ ಕೂಗು, ಒಡೆದ ಕೊರಳಿಗೆ ಮರ್ಯಾದೆ, ಎಲ್ಲ ಅಲ್ಲಿಯೂ ಇತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಶ್ವತ್ಥರು ಹಾಡಿದ ಮನೆ ಸೋರುವ ಪದವನ್ನು ಕೇಳಿ. ಈ ಧ್ವನಿಸುರುಳಿಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವ ಹಾಡು ಅದು.

ಕಾಂಕ್ರೀಟ್ ಮನೆಯಲ್ಲಿ ಹುಟ್ಟಿದವರಿಗೆ ಅದು ಬರೀ ಸಂಕೇತದ ಹಾಡು. ಮಣ್ಣಿನ ಮಾಳಿಗಿಯ ಕೆಳಗೆ ಮಲಗಿದವರಿಗೆ ಹಾಗಲ್ಲ. ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮೊಳದುದ್ದ ಮಣ್ಣು, ನಡುವೆ ಒಂದು ಬೆಳಕಿಂಡಿ. ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ನಡುರಾತ್ರಿ ಯಾರಾದರೂ ಎದ್ದು ಪುಟ್ಟಿಯಲ್ಲಿ ಮಣ್ಣು ಹೊತ್ತು ಮ್ಯಾಲೇರಬೇಕು, ತೂತು ಹುಡುಕಿ ತುಳಿಯಬೇಕು. ಕೆಳಗೆ ಅವ್ವ ಕೊಡ, ಬೋಗುಣಿ, ತಂಬಿಗೆ ಎಲ್ಲ ಸೋರುವಲ್ಲಿ ಇಟ್ಟು ಮಕ್ಕಳನ್ನು ಒಣಗಿದ ಮೂಲೆಗೆ ಎಳೆಯುತ್ತಾಳೆ. ಶರೀಫರು ಇದೇ ಮನೆಯನ್ನು ಹಾಡಿದ್ದಾರೆ. ತೊಲೆ ಮುರಿದಿದೆ, ಜಂತಿಗೆ ಹುಳ ಹತ್ತಿದೆ, ಹೊರಗೆ ಕತ್ತಲು, ಮೇಲೇರಿ ದುರಸ್ತಿ ಮಾಡುವ ಧೈರ್ಯ ಯಾರಿಗೂ ಇಲ್ಲ. ಒಳ್ಳೆಯ ತತ್ವಪದ ಎರಡಂತಸ್ತಿನ ಮನೆ. ಮೊದಲ ಅಂತಸ್ತಿನಲ್ಲಿ ನಿಜವಾದ ಮಳೆ, ನಿಜವಾದ ಜಂತಿ ಇರದಿದ್ದರೆ ಮೇಲಿನ ಅಂತಸ್ತಿನಲ್ಲಿ ದೇಹವೂ ನಿಲ್ಲದು, ಅರಿವೂ ನಿಲ್ಲದು.

ಅಶ್ವತ್ಥರ ದೊಡ್ಡತನ ನನಗೆ ಕಾಣುವುದು ಇಲ್ಲೇ. ಅವರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಮಾಳಿಗಿ ಎಂಬ ಮಾತಿನ ಕೊನೆಯ ಅಕ್ಷರವನ್ನು ‘ಮಾಳಿಗೆ’ ಎಂದು ತಿದ್ದಿ ಹಾಡುವ ಆಸೆ ಅವರಿಗೆ ಬರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಅವರು ಆ ಪದವನ್ನು ವೇದಾಂತದ ಗಾಂಭೀರ್ಯದಿಂದ ಹಾಡಲಿಲ್ಲ. ಮೇಲಿಂದ ನೀರು ಬೀಳುತ್ತಿರುವವನ ಗಾಬರಿಯಿಂದ ಹಾಡಿದರು. ಪ್ರತಿ ನುಡಿ ಮುಗಿದು ಪಲ್ಲವಿಗೆ ಮರಳಿದಾಗ ಆ ಕೊರಳು ಇನ್ನಷ್ಟು ತೆರೆದುಕೊಳ್ಳುತ್ತದೆ. ಅಜ್ಞಾನ ಎಂಬ ಮಾತನ್ನು ಅವರು ಎಳೆದು ಹಾಡುವಾಗ ಉಪದೇಶ ಕೇಳಿಸುವುದಿಲ್ಲ, ತಾನೂ ಅದೇ ಮನೆಯೊಳಗೆ ಸಿಕ್ಕಿಬಿದ್ದವನ ಒರಲು ಕೇಳಿಸುತ್ತದೆ. ಸೋಲ್ ಹಾಡುಗಾರರಿಂದ ಜನ ಬಯಸುವುದೂ ಇದನ್ನೇ. ಇಂಪು ಆಮೇಲೆ. ಹಾಡುವವನಿಗೆ ಈ ಹಾಡಿನಿಂದ ಏನೋ ಆಗುತ್ತಿದೆ ಎಂಬುದು ಕೇಳುವವನಿಗೆ ಮೊದಲು ಗೊತ್ತಾಗಬೇಕು.

ಕೋಳಿ ಕೋಡಗವನ್ನು ನುಂಗುವ ಪದ ಎಲ್ಲರಿಗೂ ಬಾಯಿಪಾಠ. ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳು ಅದಕ್ಕೆ ಕುಣಿಯುತ್ತಾರೆ, ನಗುತ್ತಾರೆ. ನಗಲಿ, ಅದು ನಗಿಸುವ ಪದವೇ. ಒರಳು ಒನಕೆಯನ್ನು, ಬೀಸುವ ಕಲ್ಲು ತನ್ನ ಗೂಟವನ್ನು, ಲಾಳಿ ಮಗ್ಗವನ್ನು ನುಂಗುತ್ತಾ ಹೋಗುವ ಈ ಸಾಲು ಅಡುಗೆಮನೆ, ನೇಕಾರನ ಮನೆ, ಹೊಲ, ಗುಡ್ಡ ಎಲ್ಲ ದಾಟಿ ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುವಲ್ಲಿ ನಿಲ್ಲುತ್ತದೆ. ಅಲ್ಲಮನ ಬೆಡಗಿನ ವಚನಗಳಿಂದ ಹರಿದು ಬಂದ ದಾರಿ ಇದು: ಬುದ್ಧಿಗೆ ಒಗ್ಗದ ಮಾತು ಹೇಳಿ ಬುದ್ಧಿಯನ್ನು ಸುಸ್ತು ಮಾಡುವುದು, ಅದು ಸುಮ್ಮನಾದ ಗಳಿಗೆಯಲ್ಲಿ ಒಳಗಿನದನ್ನು ತೋರುವುದು. ಅಶ್ವತ್ಥರು ಆಟದ ಹುರುಪನ್ನು ಕೊನೆಯ ನುಡಿಯವರೆಗೂ ಬಿಡುವುದಿಲ್ಲ. ಗುರುವಿನ ಪಾದದ ಮಾತು ಬಂತೆಂದು ಭಕ್ತಿಯ ಮುಖ ಹಾಕಿಕೊಂಡು ನಿಧಾನಿಸಿದ್ದರೆ ಪದ ಕೆಟ್ಟುಹೋಗುತ್ತಿತ್ತು. ನುಂಗಿಸಿಕೊಳ್ಳುವವನೂ ಕುಣಿಯುತ್ತಲೇ ಹೋಗಬೇಕು.

ತಂಬೂರಿಯ ಪದವನ್ನು ಇವೆರಡರ ನಂತರ ಕೇಳಿದರೆ ಒಳ್ಳೆಯದು. ಬಾರಿಸಲು ಬಾರದವನ ಕೈಯಿಂದ ವಾದ್ಯ ಕಿತ್ತುಕೊಳ್ಳುವ ಗದರಿಕೆ ಅದರಲ್ಲಿದೆ; ತಂಬೂರಿ ಈ ಮೈಯೇ ಎಂಬುದು ಒಳಗಿನ ಮಾತು. ಸಂಗೀತಗಾರನೊಬ್ಬ ಇದನ್ನು ಹಾಡುವಾಗ ಆ ಗದರಿಕೆ ಮೊದಲು ತನಗೇ ತಾಗುತ್ತದೆ. ಅಶ್ವತ್ಥರು ಅದನ್ನು ತಾಗಿಸಿಕೊಂಡೇ ಹಾಡಿದ್ದಾರೆ.

ಈ ಕೆಲಸ ಅವರೊಬ್ಬರದೇ ಅಲ್ಲ. ಶರೀಫರ ಪದಗಳನ್ನು ನಾಡಿನ ಓದುಗರ ಮುಂದೆ, ಹಾಡುಗಾರರ ಮುಂದೆ ಹಠ ಹಿಡಿದು ಇಟ್ಟವರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಜನ ಅವರನ್ನು ‘ಶರೀಫ ಭಟ್ಟರು’ ಎಂದೇ ಕರೆದರು. ಶರೀಫರಿಗೆ ಒಬ್ಬ ಭಟ್ಟರು ಗುರುವಾಗಿ ಸಿಕ್ಕಂತೆ, ಶತಮಾನದ ಮೇಲೆ ಇನ್ನೊಬ್ಬ ಭಟ್ಟರು ಬಂಧುವಾಗಿ ಸಿಕ್ಕರು. ತಂಗಿಯ ಅಳು ನಿಲ್ಲಿಸುವ ಪದವನ್ನು ಶಿವಮೊಗ್ಗ ಸುಬ್ಬಣ್ಣ ಹಾಡಿದ್ದನ್ನು ಕೇಳದವರು ನಮ್ಮಲ್ಲಿ ಕಡಿಮೆ. ಅಶ್ವತ್ಥರ ಕೊರಳು ಸಿಡಿಯುವಲ್ಲಿ ಸುಬ್ಬಣ್ಣನವರದು ತುಂಬಿ ಹರಿಯುತ್ತದೆ. ಇನ್ನೊಂದು ಸಂಗತಿ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಶರೀಫರು 1819ರ ಜುಲೈ 3ರಂದು ಹುಟ್ಟಿ 1889ರ ಜುಲೈ 3ರಂದೇ ತೀರಿಕೊಂಡರು. ಅಶ್ವತ್ಥರು 1939ರ ಡಿಸೆಂಬರ್ 29ರಂದು ಹುಟ್ಟಿ 2009ರ ಡಿಸೆಂಬರ್ 29ರಂದೇ ಹೋದರು. ಇಬ್ಬರಿಗೂ ಸರಿಯಾಗಿ ಎಪ್ಪತ್ತು ವರ್ಷ, ಇಬ್ಬರೂ ಹೋದದ್ದು ಹುಟ್ಟಿದ ದಿನದಂದೇ. ಇದಕ್ಕೆ ನಾನು ಅರ್ಥ ಹಚ್ಚಲು ಹೋಗುವುದಿಲ್ಲ.

ಈಗ ಹಿರಿಯರ ಮುನಿಸಿನ ಮಾತು. ಅದರಲ್ಲಿ ಹುರುಳಿದೆ. ಕ್ಯಾಸೆಟ್ ಬಂದ ಮೇಲೆ ಒಂದು ಪದಕ್ಕೆ ಒಂದೇ ಧಾಟಿ ಎಂಬಂತಾಯಿತು. ಒಂದೊಂದು ಊರಿನ ಮ್ಯಾಳಕ್ಕೆ ಒಂದೊಂದು ಧಾಟಿ ಇದ್ದದ್ದು ಹೋಗಿ, ಹೊಸ ಹುಡುಗರು ಅಶ್ವತ್ಥರನ್ನೇ ಅನುಕರಿಸತೊಡಗಿದರು. ಸಿನಿಮಾದ ಅಳತೆಗೆ ನಾಲ್ಕೈದು ನಿಮಿಷದಲ್ಲಿ ಮುಗಿಯುವ ಪದ ಕಟ್ಟೆಯ ಮೇಲೆ ಅರ್ಧ ತಾಸು ನಡೆಯುತ್ತದೆ. ನುಡಿಯ ನಡುವೆ ಅರ್ಥ ಹೇಳುವ ಮಾತು, “ಹೌದಪಾ” ಎನ್ನುವ ಮುತ್ಯಾ, ಇವರಿಗೆ ಸ್ಟುಡಿಯೋದಲ್ಲಿ ಜಾಗವಿಲ್ಲ. ಆದರೂ ನಾನು ಹಿರಿಯರಿಗೆ ಹೇಳುವುದಿಷ್ಟು: ಅಶ್ವತ್ಥರು ಕಟ್ಟೆಯ ಪದವನ್ನು ಕಿತ್ತುಕೊಳ್ಳಲಿಲ್ಲ, ಅದು ಹೋಗದಿದ್ದ ಮನೆಗಳಿಗೆ ಅದನ್ನು ಮುಟ್ಟಿಸಿದರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ, ತಗಡಿನ ಶೆಡ್ಡಿನೊಳಗೆ ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ಮನೆ ಸೋರುವ ಪದ ಹಚ್ಚಿಕೊಂಡು ಮಲಗುತ್ತಾನಲ್ಲ, ಅವನಿಗೆ ಆ ರಾತ್ರಿ ಯಾವ ಮ್ಯಾಳವೂ ಸಿಗುವುದಿಲ್ಲ. ಆ ಕೊರಳು ಸಿಗುತ್ತದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ನೆರೆದ ಜನಸಾಗರ ನೋಡಿದವರಿಗೆ ಆ ಕೊರಳು ಎಷ್ಟು ದೂರ ಹೋಗಿತ್ತೆಂದು ಗೊತ್ತು.

ಕೊರತೆ ಇರುವುದು ಅಶ್ವತ್ಥರು ಮಾಡಿದ್ದರಲ್ಲಲ್ಲ, ಅವರ ನಂತರ ನಾವು ಮಾಡದೇ ಬಿಟ್ಟದ್ದರಲ್ಲಿ. ಇದಕ್ಕೆ ಮತ್ತೆ ಅಮೆರಿಕದ ಕಡೆಯ ಕಥೆಯೊಂದನ್ನು ಹೇಳಬೇಕು. ಅರೀಥಾ ಫ್ರ್ಯಾಂಕ್ಲಿನ್ ಪಾದ್ರಿಯ ಮಗಳು. ತಂದೆಯ ಚರ್ಚಿನಲ್ಲಿ ಹಾಡುತ್ತ ಬೆಳೆದು, ಹೊರಗೆ ಬಂದು ಸೋಲ್ ಸಂಗೀತದ ರಾಣಿ ಎನಿಸಿಕೊಂಡಳು. ಹೆಸರು ಹಣ ಎರಡೂ ತುದಿ ಮುಟ್ಟಿದ್ದಾಗ, 1972ರ ಜನವರಿ 13 ಮತ್ತು 14ರಂದು, ಲಾಸ್ ಏಂಜಲೀಸ್‌ನ ಒಂದು ಸಾಧಾರಣ ಚರ್ಚಿಗೆ ಹೋಗಿ ಕೂತಳು. ಪಿಯಾನೋಗೆ ಪಾದ್ರಿ ಜೇಮ್ಸ್ ಕ್ಲೀವ್‌ಲ್ಯಾಂಡ್, ಹಿಂದೆ ಅವರ ಹಿಮ್ಮೇಳ, ಎದುರಿಗೆ ಚರ್ಚಿನ ಜನ. ಸ್ಟುಡಿಯೋದಲ್ಲಿ ಮಾಡಬಹುದಾಗಿದ್ದ ಧ್ವನಿಮುದ್ರಣವನ್ನು ಆಕೆ ಜನರ ನಡುವೆಯೇ ಮಾಡಿಸಿದಳು. ಜನ ಕೂಗಿದ್ದು, ಎದ್ದು ನಿಂತದ್ದು, ಅವಳ ತಂದೆ ಬಂದು ಮಾತಾಡಿದ್ದು ಎಲ್ಲವೂ ನಡೆದದ್ದು ಅಲ್ಲೇ. ಆ ರೆಕಾರ್ಡಿಗೆ ಹೆಸರು ಕೊಟ್ಟ ಹಾಡೊಂದೇ ಹತ್ತು ನಿಮಿಷ ದಾಟುತ್ತದೆ. ಒಂದು ಮಾತನ್ನು ಹಿಡಿದು ಅವಳು ಏರುತ್ತಲೇ ಹೋಗುತ್ತಾಳೆ, ಹಿಮ್ಮೇಳ ತಡೆದು ನಿಲ್ಲಿಸಿಕೊಳ್ಳುತ್ತದೆ. ‘ಅಮೇಜಿಂಗ್ ಗ್ರೇಸ್’ ಎಂಬ ಆ ಜೋಡಿ ರೆಕಾರ್ಡು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದೇ ರಾತ್ರಿಗಳಲ್ಲಿ ಸಿಡ್ನಿ ಪೊಲ್ಲಾಕ್ ಚಿತ್ರೀಕರಿಸಿದ ಸಿನಿಮಾ ಮಾತ್ರ ದನಿಗೂ ದೃಶ್ಯಕ್ಕೂ ತಾಳೆಯಾಗದೆ ಪೆಟ್ಟಿಗೆಯಲ್ಲೇ ಉಳಿದು, ಜನರ ಕಣ್ಣಿಗೆ ಬಿದ್ದದ್ದು 2018ರಲ್ಲಿ, ಅರೀಥಾ ತೀರಿಕೊಂಡ ವರ್ಷ.

ನಮಗೆ ಬೇಕಾಗಿರುವ ಮುಂದಿನ ಆಲ್ಬಂ ಅಂಥದ್ದು. ಕಡಕೋಳ ಮಡಿವಾಳಪ್ಪನ ಪದ, ಜಲಾಲಸಾಹೇಬನ ಪದ, ಮೌನೇಶ್ವರನ ವಚನ, ಇವನ್ನು ಬೆಂಗಳೂರಿಗೆ ಕರೆದೊಯ್ಯದೆ, ತಿಂಥಣಿಯ ದಂಡೆಯಲ್ಲಿ, ಕೊಡೇಕಲ್ಲಿನ ಅಂಗಳದಲ್ಲಿ, ನಮ್ಮ ಮ್ಯಾಳದವರ ಒಡೆದ ಕೊರಳಿನಲ್ಲೇ, ಇಡೀ ರಾತ್ರಿ ಹಿಡಿದಿಡಬೇಕು. ಕನಕದಾಸ ಅಧ್ಯಯನ ಕೇಂದ್ರದವರು ತತ್ವಪದಗಳ ಸಂಪುಟಗಳನ್ನು ಸಾಲುಸಾಲಾಗಿ ಹೊರತಂದು ಪುಸ್ತಕದ ಕೆಲಸ ಮಾಡಿದ್ದಾರೆ. ಅಕ್ಷರ ಉಳಿಯಿತು. ದನಿಯ ಕೆಲಸ ಬಾಕಿ ಇದೆ. ಮೊಬೈಲಿನಲ್ಲಿ ತುಂಡುತುಂಡಾಗಿ ಚಿತ್ರಿಸಿ ಹಾಕಿದ್ದು ಬಹಳ ಸಿಗುತ್ತದೆ, ಅದರಲ್ಲಿ ಮುಂದೆ ಹಾಡುವವನ ಮುಖವಷ್ಟೇ ಕಾಣುತ್ತದೆ. ಹಿಮ್ಮೇಳದ ದನಿ ಗದ್ದಲದಲ್ಲಿ ಮುಳುಗಿರುತ್ತದೆ. ತತ್ವಪದದ ಅರ್ಧ ಜೀವ ಇರುವುದೇ ಆ ಹಿಮ್ಮೇಳದಲ್ಲಿ. ನಾಲ್ಕು ಒಳ್ಳೆಯ ಮೈಕು, ತಿಳಿದ ಒಬ್ಬ ಧ್ವನಿಗ್ರಾಹಕ, ಅವಸರ ಮಾಡದ ಒಂದು ರಾತ್ರಿ ಇದ್ದರೆ ಆಗುವ ಕೆಲಸ ಇದು. ಮ್ಯಾಳದವರ ಹೆಸರನ್ನು ಪೇಟಿಯವರಿಂದ ತಾಳದವರವರೆಗೆ ಬರೆಯಬೇಕು, ಸಲ್ಲಬೇಕಾದ ಸಂಭಾವನೆ ಸಲ್ಲಬೇಕು.

ಅಲ್ಲಿಯವರೆಗೆ, ಕೇಳಿದ ಹುಡುಗರಿಗೆ ನನ್ನ ಸಲಹೆ ಇದು. ಶರೀಫರ ಧ್ವನಿಸುರುಳಿಯನ್ನು ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಬೇಡಿ, ಇಯರ್‌ಫೋನೂ ಬೇಡ. ಮನೆಯಲ್ಲಿ ದೊಡ್ಡ ಸ್ಪೀಕರ್ ಇದ್ದರೆ ಅದಕ್ಕೆ ಹಚ್ಚಿ, ಮನೆಯವರನ್ನೆಲ್ಲ ಕೂಡಿಸಿಕೊಂಡು, ಮನೆ ಸೋರುವ ಪದದಿಂದ ಶುರುಮಾಡಿ. ಅಜ್ಜಿಗೆ ಪಲ್ಲವಿ ಬಂದೇ ಬರುತ್ತದೆ, ಆಕೆ ಎತ್ತಿಕೊಂಡರೆ ನೀವೂ ಹಿಂದೆ ಹಿಡಿಯಿರಿ. ಆಮೇಲೆ ಅರೀಥಾಳ ಆ ರೆಕಾರ್ಡನ್ನು ಇಡಿಯಾಗಿ ಕೇಳಿ. ಬರುವ ಅಮಾವಾಸ್ಯೆಯ ರಾತ್ರಿ ನಿಮ್ಮೂರಲ್ಲೋ ಪಕ್ಕದ ಊರಲ್ಲೋ ಎಲ್ಲಿ ಭಜನೆ ಇದೆ ಎಂದು ವಿಚಾರಿಸಿ, ಊಟ ಮುಗಿಸಿಯೇ ಹೋಗಿ, ಹಿಮ್ಮೇಳದವರ ಪಕ್ಕಕ್ಕೆ ಕೂತುಕೊಳ್ಳಿ. ಬೆಳಗಿನ ಜಾವಕ್ಕೆ ಮೊದಲು ಏಳಬೇಡಿ. ಒಳ್ಳೆಯ ಪದಗಳನ್ನು ಮ್ಯಾಳದವರು ಕೊನೆಗೇ ಇಟ್ಟುಕೊಂಡಿರುತ್ತಾರೆ.